ಹೆಸರು ಎಕ್ಸ್ ಎಕ್ಸ್ ಎಕ್ಸ್, ವಿಳಾಸ ವೈ ವೈ ವೈ

ಪಂಪ್‌ವೆಲ್‌ನಲ್ಲಿ ಬೆಳಿಗ್ಗೆ ಬಸ್ಸಿಳಿಯುವವರ ಕೈ ಗಮನಿಸಿದರೆ ಎರಡು ಬಗೆಯ ಫೈಲು ಕಾಣುತ್ತವೆ. ದೊಡ್ಡ ಕವರು ಹಿಡಿದವರು ಆಸ್ಪತ್ರೆಗೆ ಹೊರಟವರು. ಅದರೊಳಗಿರುವುದು ಎಕ್ಸ್‌ರೇ, ಸ್ಕ್ಯಾನಿಂಗ್ ರಿಪೋರ್ಟು. ಬಟನ್ ಹಾಕುವ ಪ್ಲಾಸ್ಟಿಕ್ ಫೋಲ್ಡರನ್ನು ಎದೆಗವಚಿಕೊಂಡು, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಮೊಬೈಲಿನಲ್ಲಿ ದಾರಿ ಹುಡುಕುತ್ತ ನಿಂತವರು ಕೆಲಸ ಕೇಳಿಕೊಂಡು ಬಂದವರು. ತಲಪಾಡಿ ದಾಟಿ ಬರುವ ಕಾಸರಗೋಡು, ಉಪ್ಪಳ, ಮಂಜೇಶ್ವರದವರಿಗೂ ಬಿ.ಸಿ. ರೋಡ್ ಕಡೆಯಿಂದ ಬರುವ ಬಂಟ್ವಾಳ, ಪುತ್ತೂರು, ಬೆಳ್ತಂಗಡಿಯವರಿಗೂ ಮಂಗಳೂರು ಶುರುವಾಗುವುದು ಇಲ್ಲೇ. ಕೇರಳದ ಹೆದ್ದಾರಿ, ಬೆಂಗಳೂರಿನ ಹೆದ್ದಾರಿ ಎರಡೂ ಕೂಡುವ ಜಾಗ. ಮೇಲೊಂದು ಫ್ಲೈಓವರ್, ಹತ್ತು ವರ್ಷ ಎಳೆದಾಡಿ 2020ರ ಜನವರಿ 31ರಂದು ಉದ್ಘಾಟನೆಯಾದದ್ದು. ಅಷ್ಟರೊಳಗೆ ಅದರ ಮೇಲೆ ಹುಟ್ಟಿದ ಮೀಮುಗಳನ್ನು ಸೇರಿಸಿದರೆ ಒಂದು ಪುಸ್ತಕವೇ ಆದೀತು.

ಆ ಪ್ಲಾಸ್ಟಿಕ್ ಫೋಲ್ಡರಿನೊಳಗೆ ಏನಿರುತ್ತದೆ? ರೆಸ್ಯೂಮ್, ಮಾರ್ಕ್ಸ್ ಕಾರ್ಡುಗಳ ಜೆರಾಕ್ಸ್, ಎರಡು ಪಾಸ್‌ಪೋರ್ಟ್ ಸೈಜಿನ ಫೋಟೊ. ಎಲ್ಲದರ ಮೇಲೆ ಒಂದು ಹಾಳೆ, ಕವರಿಂಗ್ ಲೆಟರ್. ಉಳಿದ ಹಾಳೆಗಳಲ್ಲಿ ಇರುವುದನ್ನು ವಿಶ್ವವಿದ್ಯಾಲಯ, ಪರೀಕ್ಷಾ ಮಂಡಳಿ, ಸರ್ಕಾರ ಬರೆದಾಗಿದೆ. ಅರ್ಜಿದಾರ ತಾನೇ ಮಾತಾಡಬಹುದಾದದ್ದು ಈ ಒಂದೇ ಹಾಳೆಯಲ್ಲಿ. ಆದರೆ ಅದನ್ನು ಅವರು ಬರೆದಿರುವುದಿಲ್ಲ. ಅದು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಿಂದ ಬಂದದ್ದು. ಅಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

“ಅಣ್ಣಾ, ಒಂದು ಕವರಿಂಗ್ ಲೆಟರ್ ಬೇಕಿತ್ತು.”

“ಯಾವ ಕೆಲಸಕ್ಕೆ?”

“ಯಾವುದಾದ್ರೂ ಆಗ್ತದೆ.”

“ಹಾಗಾದ್ರೆ ಇದೇ ಇರ್ಲಿ. ಕಂಪನಿ ಹೆಸರು ಮಾತ್ರ ಬದಲಾಯಿಸುವ.”

ಅಂಗಡಿಯವನದ್ದು ತಪ್ಪಿಲ್ಲ. ಯಾವ ಕೆಲಸಕ್ಕಾದರೂ ಆಗುವ ಪತ್ರ ಕೇಳಿದರು, ಅಂಥದ್ದೇ ಕೊಟ್ಟ. ಅದು ಯಾವ ಕೆಲಸಕ್ಕೂ ಆಗುವುದಿಲ್ಲ ಎಂಬುದು ಬೇರೆ ಮಾತು.

ಈ ಅಭ್ಯಾಸದ ಬೇರು ಹುಡುಕಿದರೆ ಅದು ಜೆರಾಕ್ಸ್ ಅಂಗಡಿಗಿಂತ ಹಿಂದಕ್ಕೆ, ಪಿಯುಸಿಗೆ ಹೋಗುತ್ತದೆ. ಕರ್ನಾಟಕದ ದ್ವಿತೀಯ ಪಿಯುಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ವರ್ಷಗಳಿಂದ ಬರುತ್ತಿರುವ ಒಂದು ಪ್ರಶ್ನೆಯುಂಟು: ‘ದಿ ಹಿಂದೂ’ ಪತ್ರಿಕೆಯಲ್ಲಿ ಇಂಥ ದಿನ ಬಂದ ಈ ಜಾಹೀರಾತಿಗೆ ಉತ್ತರವಾಗಿ ಉದ್ಯೋಗದ ಅರ್ಜಿ ಬರೆಯಿರಿ. ಜೊತೆಗೆ ಸೂಚನೆ: ಹೆಸರಿನ ಜಾಗದಲ್ಲಿ ಎಕ್ಸ್ ಎಕ್ಸ್ ಎಕ್ಸ್ ಎಂದೂ ವಿಳಾಸದ ಜಾಗದಲ್ಲಿ ವೈ ವೈ ವೈ ಎಂದೂ ಬರೆಯತಕ್ಕದ್ದು. ಉತ್ತರಪತ್ರಿಕೆ ಯಾರದ್ದೆಂದು ಮೌಲ್ಯಮಾಪಕರಿಗೆ ಗೊತ್ತಾಗಬಾರದು ಎಂಬುದು ಕಾರಣ, ನ್ಯಾಯವಾದದ್ದೇ. ಆದರೆ ಪರಿಣಾಮ ನೋಡಿ. ಲಕ್ಷಾಂತರ ಮಕ್ಕಳು ತಮ್ಮ ಬದುಕಿನ ಮೊದಲ ಉದ್ಯೋಗದ ಅರ್ಜಿಯನ್ನು ಹೆಸರಿಲ್ಲದ, ಊರಿಲ್ಲದ ಒಬ್ಬ ವ್ಯಕ್ತಿಯಾಗಿ ಬರೆಯುತ್ತಾರೆ. ಎಡಕ್ಕೆ ‘ಇಂದ’, ಕೆಳಗೆ ‘ಇವರಿಗೆ’, ವಿಷಯ, ಉಲ್ಲೇಖ, ‘ನನ್ನನ್ನು ನೇಮಿಸಿದಲ್ಲಿ ಮೇಲಧಿಕಾರಿಗಳಿಗೆ ತೃಪ್ತಿಯಾಗುವಂತೆ ದುಡಿಯುತ್ತೇನೆ’ ಎಂಬ ಭರವಸೆ, ವಂದನೆ, ತಮ್ಮ ವಿಶ್ವಾಸಿ, ಮತ್ತೆ ಎಕ್ಸ್ ಎಕ್ಸ್ ಎಕ್ಸ್. ಚೌಕಟ್ಟು ಸರಿಯಿದ್ದರೆ ಅಂಕ ಬಂತು.

ಅಂಕ ತೆಗೆಯುವುದರಲ್ಲಿ ನಮ್ಮ ಜಿಲ್ಲೆಯನ್ನು ಮೀರಿಸುವವರು ಕಡಿಮೆ. 2024ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಶೇ 97.37ರೊಂದಿಗೆ ದಕ್ಷಿಣ ಕನ್ನಡವೇ ರಾಜ್ಯಕ್ಕೆ ಮೊದಲು. 2025ರಲ್ಲಿ ಉಡುಪಿ ಮೊದಲು, ನಾವು ಎರಡನೆಯವರು. ಅಂದರೆ ಚೌಕಟ್ಟಿನ ಅರ್ಜಿಯನ್ನು ಅಚ್ಚುಕಟ್ಟಾಗಿ ಬರೆದವರು ನಮ್ಮಲ್ಲೇ ಹೆಚ್ಚು. ಮೂರು ವರ್ಷದ ಡಿಗ್ರಿ ಮುಗಿಸಿ, ಫೋಲ್ಡರ್ ಹಿಡಿದು ಪಂಪ್‌ವೆಲ್‌ನಲ್ಲಿ ಇಳಿಯುವಾಗಲೂ ಪತ್ರದಲ್ಲಿ ಅದೇ ಎಕ್ಸ್ ಎಕ್ಸ್ ಎಕ್ಸ್ ಕೂತಿರುತ್ತಾನೆ. ಹೆಸರೊಂದು ಬದಲಾಗಿರುತ್ತದೆ, ಅಷ್ಟೆ. ‘ನಾನು ಶ್ರಮಜೀವಿ, ತಂಡದೊಂದಿಗೆ ಬೆರೆಯಬಲ್ಲೆ, ಬೇಗ ಕಲಿಯುತ್ತೇನೆ, ನಿಮ್ಮ ಪ್ರತಿಷ್ಠಿತ ಸಂಸ್ಥೆಯ ಬೆಳವಣಿಗೆಗೆ ಕೊಡುಗೆ ನೀಡುತ್ತೇನೆ.’ ಇದನ್ನು ಬರೆದವರು ಯಾರೆಂದು ಕೇಳಿದರೆ, ಯಾರು ಬೇಕಾದರೂ ಆಗಿರಬಹುದು.

ಎಲ್ಲ ಕೆಲಸಕ್ಕೂ ಈ ಪತ್ರ ಬೇಕೆಂದೇನಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಬ್ಯಾಂಕುಗಳನ್ನೇ ನೋಡಿ. 1924ರಲ್ಲಿ ಶುರುವಾದ ಕರ್ಣಾಟಕ ಬ್ಯಾಂಕಿನ ಪ್ರಧಾನ ಕಚೇರಿ ಇಲ್ಲೇ, ಮಹಾವೀರ ವೃತ್ತದ ಹತ್ತಿರ. ಅದಕ್ಕೂ ಮೊದಲು 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್. ಬಳಿಕ 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇಷ್ಟು ಬ್ಯಾಂಕುಗಳನ್ನು ಹೆತ್ತ ಕರಾವಳಿಯಲ್ಲಿ ಒಂದು ತಲೆಮಾರಿಗೆ ‘ಕೆಲಸ’ ಎಂದರೆ ಬ್ಯಾಂಕಿನ ಕೆಲಸವೇ ಆಗಿತ್ತು. ಈಗ ಅಲ್ಲಿಗೆ ಹೋಗುವ ದಾರಿ ಪರೀಕ್ಷೆಯದ್ದು. ಸಾರ್ವಜನಿಕ ವಲಯದ ಹೆಚ್ಚಿನ ಬ್ಯಾಂಕುಗಳಿಗೆ 2011ರಿಂದ ಐಬಿಪಿಎಸ್‌ನ ಸಾಮಾನ್ಯ ಪರೀಕ್ಷೆ. ಅರ್ಜಿ ಎಂದರೆ ಆನ್‌ಲೈನ್ ಖಾನೆ ತುಂಬುವುದು. ಅಲ್ಲಿ ನಿಮ್ಮ ಕೈಬರಹ ಬೇಕಾಗುವುದು ಒಂದೇ ಕಡೆ: ಮಾಹಿತಿಯೆಲ್ಲ ಸತ್ಯ ಎಂಬ ಘೋಷಣೆಯನ್ನು ಸ್ವಂತ ಅಕ್ಷರದಲ್ಲಿ ಬರೆದು, ಸ್ಕ್ಯಾನ್ ಮಾಡಿ ಹಾಕಬೇಕು. ಕೆಪಿಎಸ್‌ಸಿ, ರೈಲ್ವೆಯದ್ದೂ ಖಾನೆ ತುಂಬುವ ದಾರಿಯೇ. ಅಂಥಲ್ಲಿಗೆ ಕವರಿಂಗ್ ಲೆಟರ್ ಬರೆದು ಕಳಿಸಿದರೆ ಕಾಗದ ದಂಡ.

ಪತ್ರಕ್ಕೆ ಬೆಲೆಯಿರುವುದು ಬೇರೆ ಕಡೆ. ಆಸ್ಪತ್ರೆ, ಖಾಸಗಿ ಶಾಲೆ, ಆಡಿಟರ್ ಆಫೀಸು, ವಾಹನ ಶೋರೂಮು, ಟ್ರಾವೆಲ್ಸ್, ಹೋಟೆಲು, ಹತ್ತಿಪ್ಪತ್ತು ಜನರ ಸಾಫ್ಟ್‌ವೇರ್ ಕಂಪನಿ, ಕಟ್ಟಡದ ಸಾಮಾನಿನ ಅಂಗಡಿ. ಮಂಗಳೂರಿನ ಹುಡುಗ ಹುಡುಗಿಯರಿಗೆ ಮೊದಲ ಕೆಲಸ ಸಿಗುವುದು ಹೆಚ್ಚಾಗಿ ಇಂಥಲ್ಲಿ. ಇಲ್ಲಿ ಅರ್ಜಿ ಓದುವವರು ಯಜಮಾನರೋ ಮ್ಯಾನೇಜರೋ ಆಗಿರುತ್ತಾರೆ. ಎರಡು ಫೋನಿನ ನಡುವೆ, ಚಾ ಆರುವ ಮೊದಲು ಓದುತ್ತಾರೆ. ಅವರ ತಲೆಯಲ್ಲಿರುವ ಪ್ರಶ್ನೆಗಳೂ ಸರಳ: ಇವರಿಗೆ ಈ ಕೆಲಸ ಮಾಡಲು ಬರುತ್ತದಾ? ಹೇಳಿದ ಹೊತ್ತಿಗೆ ಬರುತ್ತಾರಾ? ಮೂರು ತಿಂಗಳಲ್ಲಿ ಬಿಟ್ಟು ಹೋಗುತ್ತಾರಾ? ಪತ್ರ ಈ ಮೂರಕ್ಕೆ ಉತ್ತರ ಕೊಟ್ಟರೆ ಸಾಕು. ಕೊಡದಿದ್ದರೆ ಎಷ್ಟು ಚಂದದ ಕಾಗದದಲ್ಲಿ ಪ್ರಿಂಟ್ ತೆಗೆದರೂ ಅಷ್ಟೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಪಂಪ್‌ವೆಲ್‌ನಿಂದ ಪಡೀಲಿಗೆ ಹೋಗುವ ರಸ್ತೆಯಲ್ಲಿ ವಾಹನಗಳ ಬಿಡಿಭಾಗ ಮಾರುವ ಒಂದು ಅಂಗಡಿ. ಭಾನುವಾರದ ಪೇಪರಿನಲ್ಲಿ ಜಾಹೀರಾತು: ಸ್ಟೋರ್ ಅಸಿಸ್ಟೆಂಟ್ ಬೇಕು, ಬಿ.ಕಾಂ. ಆಗಿರಬೇಕು, ಟ್ಯಾಲಿ ತಿಳಿದಿರಬೇಕು, ತುಳು ಬರುವವರಿಗೆ ಆದ್ಯತೆ. ವಿಟ್ಲದ ಒಬ್ಬ ಹುಡುಗಿ ಅರ್ಜಿ ಹಾಕಬೇಕು. ಅನುಭವ ಏನಿದೆ ಎಂದರೆ, “ಏನೂ ಇಲ್ಲ ಸರ್, ನಾನು ಫ್ರೆಶರ್” ಎನ್ನುತ್ತಾಳೆ. ಏನೂ ಇಲ್ಲ ಎಂಬ ಆ ಮಾತನ್ನು ನಂಬಬಾರದು. ಇನ್ನೂ ಸ್ವಲ್ಪ ಕೆದಕಿದರೆ ಹೇಳುತ್ತಾಳೆ: ಕಳೆದ ವರ್ಷ ಊರಿನ ದೇವಸ್ಥಾನದಲ್ಲಿ ಬ್ರಹ್ಮಕಲಶ ಇತ್ತು, ಉಗ್ರಾಣದಲ್ಲಿ ಲೆಕ್ಕ ಬರೆಯಲು ಕೂತಿದ್ದೆ.

ಬ್ರಹ್ಮಕಲಶದ ಉಗ್ರಾಣವನ್ನು ಒಳಗೆ ಹೋಗಿ ನೋಡಿದವರಿಗೆ ಇದೆಂಥ ಕೆಲಸ ಎಂದು ಗೊತ್ತು. ಊರೂರಿನಿಂದ ಹೊರೆಕಾಣಿಕೆ ಬರುತ್ತದೆ. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಸಕ್ಕರೆ, ಬಾಳೆಗೊನೆ, ಸೌತೆ, ಕುಂಬಳ, ಎಣ್ಣೆ, ಬಾಳೆಎಲೆ. ಬಂದದ್ದಕ್ಕೆಲ್ಲ ರಶೀದಿ ಬರೆಯಬೇಕು, ಕೊಟ್ಟವರ ಹೆಸರು ತಪ್ಪಬಾರದು. ಅತ್ತ ಅಡುಗೆಯವರು “ಸಕ್ಕರೆ ಕಳ್ಸಿ ಮಾರ್ರೆ” ಎಂದು ಕೂಗುತ್ತಿರುತ್ತಾರೆ. ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು, ಉಳಿದದ್ದೆಷ್ಟು. ಬಿಡಿಭಾಗದ ಅಂಗಡಿಯ ಸ್ಟೋರಿನಲ್ಲಿ ಮಾಡಬೇಕಾದ ಕೆಲಸವೂ ಇದೇ. ಬ್ರೇಕ್ ಪ್ಯಾಡಿನ ಜಾಗದಲ್ಲಿ ಬೆಲ್ಲ ಇತ್ತು, ಅಷ್ಟೆ. ಆದರೆ ಹುಡುಗಿಯ ರೆಸ್ಯೂಮಿನಲ್ಲಿ ಈ ವಿಷಯ ಎಲ್ಲೂ ಇಲ್ಲ. ‘ಹವ್ಯಾಸ’ದ ಸಾಲಿನಲ್ಲಿ ಸಂಗೀತ ಕೇಳುವುದು, ಪುಸ್ತಕ ಓದುವುದು ಎಂದಿದೆ.

ಅವಳು ಬರೆಯಬಹುದಾದ ಪತ್ರ ಇದು:

“ಮಾನ್ಯರೇ,

ನಿಮ್ಮ ಅಂಗಡಿಗೆ ಸ್ಟೋರ್ ಅಸಿಸ್ಟೆಂಟ್ ಬೇಕೆಂಬ ಜಾಹೀರಾತನ್ನು ಭಾನುವಾರದ ಪತ್ರಿಕೆಯಲ್ಲಿ ನೋಡಿ ಈ ಅರ್ಜಿ ಕಳುಹಿಸುತ್ತಿದ್ದೇನೆ. ಈ ವರ್ಷ ಬಿ.ಕಾಂ. ಮುಗಿಸಿದ್ದೇನೆ. ಟ್ಯಾಲಿಯಲ್ಲಿ ಖರೀದಿ, ಮಾರಾಟ, ಸ್ಟಾಕ್ ಎಂಟ್ರಿ ಮಾಡಲು ಬರುತ್ತದೆ. ಜಿಎಸ್‌ಟಿ ರಿಟರ್ನ್ ತುಂಬಿ ಅಭ್ಯಾಸವಿಲ್ಲ.

ಕಳೆದ ವರ್ಷ ನಮ್ಮೂರ ದೇವಸ್ಥಾನದ ಬ್ರಹ್ಮಕಲಶೋತ್ಸವದಲ್ಲಿ ಉಗ್ರಾಣದ ಲೆಕ್ಕ ನನ್ನ ಜವಾಬ್ದಾರಿಯಾಗಿತ್ತು. ಹೊರೆಕಾಣಿಕೆಗೆ ರಶೀದಿ ಬರೆದು, ಅಡುಗೆಗೆ ಹೋದ ಸಾಮಾನಿನೊಂದಿಗೆ ದಿನವೂ ರಾತ್ರಿ ತಾಳೆ ನೋಡುತ್ತಿದ್ದೆ. ಎರಡನೆಯ ದಿನ ಸಕ್ಕರೆ ಒಂದು ಚೀಲ ಕಡಿಮೆ ಬಂತು. ಗಡಿಬಿಡಿಯಲ್ಲಿ ಬರೆಯದೆ ಒಳಗೆ ಕೊಟ್ಟದ್ದೆಂದು ಗೊತ್ತಾಯಿತು. ಮರುದಿನದಿಂದ ಚೀಟಿ ಇಲ್ಲದೆ ಏನನ್ನೂ ಕೊಡಲಿಲ್ಲ. ಕೊನೆಯ ದಿನದವರೆಗೆ ಲೆಕ್ಕ ಸರಿಯಾಗಿತ್ತು.

ವಾಹನದ ಬಿಡಿಭಾಗಗಳ ಹೆಸರು ನನಗೆ ಹೆಚ್ಚು ತಿಳಿದಿಲ್ಲ, ಕಲಿಯಬೇಕಾಗುತ್ತದೆ. ಮನೆಮಾತು ತುಳು. ವಿಟ್ಲದಿಂದ ಬೆಳಿಗ್ಗೆ ಒಂಬತ್ತರೊಳಗೆ ಪಂಪ್‌ವೆಲ್ ತಲುಪುವ ಬಸ್ಸಿದೆ. ಮುಂದಿನ ಸೋಮವಾರದಿಂದಲೇ ಬರಬಲ್ಲೆ. ಸಂದರ್ಶನಕ್ಕೆ ಕರೆದರೆ ಉಗ್ರಾಣದ ಲೆಕ್ಕದ ಪುಸ್ತಕದ ಪ್ರತಿ ತರುತ್ತೇನೆ.”

ಇಷ್ಟೇ. ಅರ್ಧ ಪುಟ. ಇಲ್ಲಿ ‘ಪ್ರಾಮಾಣಿಕಳು’ ಎಂಬ ಪದವಿಲ್ಲ, ‘ಜವಾಬ್ದಾರಿಯುತ ವ್ಯಕ್ತಿತ್ವ’ ಇಲ್ಲ. ಸಕ್ಕರೆಯ ಚೀಲ ಇದೆ. ಸ್ಟಾಕು ಕಡಿಮೆ ಬಿದ್ದ ಅಂಗಡಿಯ ಯಜಮಾನ ಆ ಸಾಲನ್ನು ದಾಟಿ ಮುಂದೆ ಹೋಗಲಾರ. ಅದು ಅವನ ದಿನನಿತ್ಯದ ತಲೆನೋವು. ಲೆಕ್ಕ ತಪ್ಪಿದ್ದನ್ನು ಮುಚ್ಚಿಡದೆ, ಯಾಕೆ ತಪ್ಪಿತೆಂದು ನೋಡಿ, ಮತ್ತೆ ತಪ್ಪದಂತೆ ಮಾಡಿದವಳು ಎಂಬುದು ಅವನಿಗೆ ತಾನಾಗಿಯೇ ಹೊಳೆಯುತ್ತದೆ. ಬರುವುದಿಲ್ಲ ಎಂದು ಬರೆದ ಎರಡು ಸಾಲುಗಳಿಗೂ ಬೆಲೆಯಿದೆ. ಜಿಎಸ್‌ಟಿ ಬರುವುದಿಲ್ಲ ಎಂದವಳು ಟ್ಯಾಲಿ ಬರುತ್ತದೆ ಎಂದದ್ದನ್ನು ನಂಬಬಹುದು. ಎಲ್ಲವೂ ಬರುತ್ತದೆ ಎಂದು ಬರೆದವರನ್ನು ಸಂದರ್ಶನದ ದಿನ ಕಂಪ್ಯೂಟರಿನ ಮುಂದೆ ಕೂರಿಸಿದಾಗ ಆಗುವ ಗತಿ ನೋಡಲಾಗದು.

ದೇವಸ್ಥಾನದ ಕೆಲಸವನ್ನೆಲ್ಲ ಆಫೀಸಿನ ಅರ್ಜಿಯಲ್ಲಿ ಬರೆದರೆ ಚೆನ್ನಾಗಿರುವುದಿಲ್ಲ ಎಂದು ಹೇಳುವ ಮೇಷ್ಟ್ರುಗಳಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಭಕ್ತಿಯನ್ನು ಬರೆಯಬೇಡಿ, ಕೆಲಸವನ್ನು ಬರೆಯಿರಿ. ಮೊಂತಿ ಫೆಸ್ತಿಗೆ ಊಟದ ವ್ಯವಸ್ಥೆ ನೋಡಿಕೊಂಡದ್ದಿರಲಿ, ಉರೂಸಿನಲ್ಲಿ ವಾಹನ ನಿಲುಗಡೆ ನಿಭಾಯಿಸಿದ್ದಿರಲಿ, ಕ್ರಿಕೆಟ್ ಟೂರ್ನಮೆಂಟಿನ ದುಡ್ಡು ಸಂಗ್ರಹಿಸಿ ಲೆಕ್ಕ ಒಪ್ಪಿಸಿದ್ದಿರಲಿ, ಕರಾವಳಿಯಲ್ಲಿ ಇಪ್ಪತ್ತು ದಾಟುವಷ್ಟರಲ್ಲಿ ಇಂಥದ್ದೊಂದು ಮಾಡದವರು ಅಪರೂಪ. ಶನಿವಾರ ಭಾನುವಾರ ಮದುವೆ ಹಾಲುಗಳಲ್ಲಿ ಕೇಟರಿಂಗ್‌ನವರ ಜೊತೆ ಬಡಿಸಲು ಹೋಗಿ ಕಾಲೇಜು ಫೀಸು ಕಟ್ಟಿದ ಹುಡುಗರು ನಮ್ಮಲ್ಲಿ ಎಷ್ಟಿಲ್ಲ? ಅವರ ಅರ್ಜಿಯಲ್ಲಿ ಅದು ಇರುವುದೇ ಇಲ್ಲ, ನಾಚಿಕೆ. ಬೆಳಿಗ್ಗೆ ಆರಕ್ಕೆ ಹಾಲಿಗೆ ಹೋಗಿ, ಪಂಕ್ತಿಯ ಮೇಲೆ ಪಂಕ್ತಿ ಬಡಿಸಿ, ಸಿಡುಕುವ ಹಿರಿಯರನ್ನೂ ಸಮಾಧಾನ ಮಾಡಿ, ಸಂಜೆ ಪಾತ್ರೆ ಎಣಿಸಿ ಕೊಟ್ಟು ಬಂದವನು ಹೋಟೆಲ್, ಶೋರೂಮ್, ಆಸ್ಪತ್ರೆಯ ಕೌಂಟರ್ ಎಲ್ಲಕ್ಕೂ ಅರ್ಧ ತಯಾರಾದವನೇ.

ಭಾಷೆಯ ವಿಷಯವೂ ಹೀಗೆಯೇ ಹಾಳಾಗುತ್ತದೆ. ರೆಸ್ಯೂಮಿನ ಕೊನೆಯಲ್ಲಿ ‘ತಿಳಿದಿರುವ ಭಾಷೆಗಳು: ಕನ್ನಡ, ಇಂಗ್ಲಿಷ್, ಹಿಂದಿ, ತುಳು, ಮಲಯಾಳ’ ಎಂದು ಸಾಲಾಗಿ ಬರೆದು ಮುಗಿಸುತ್ತಾರೆ. ಪಂಪ್‌ವೆಲ್, ಕಂಕನಾಡಿಯ ಆಸುಪಾಸು ಆಸ್ಪತ್ರೆಗಳ ಕೇರಿ. 1880ರಿಂದ ಇರುವ ಫಾದರ್ ಮುಲ್ಲರ್ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ. ಇಲ್ಲಿನ ಆಸ್ಪತ್ರೆಗಳಿಗೆ ಕಾಸರಗೋಡಿನಿಂದ ಬರುವ ರೋಗಿಗಳು ಎಷ್ಟೆಂದರೆ, 2020ರ ಕೊರೊನಾ ಕಾಲದಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ್ದು ನ್ಯಾಯಾಲಯದವರೆಗೂ ಹೋಯಿತು. ಅಂಥ ಆಸ್ಪತ್ರೆಯ ರಿಸೆಪ್ಷನ್ ಕೆಲಸಕ್ಕೆ ಅರ್ಜಿ ಹಾಕುವ ಮಂಜೇಶ್ವರದ ಹುಡುಗಿಗೆ ಮಲಯಾಳ, ಬ್ಯಾರಿ, ತುಳು, ಕನ್ನಡ ನಾಲ್ಕೂ ಬರುವುದು ಪಟ್ಟಿಯ ಕೊನೆಯ ಸಾಲಲ್ಲ, ಪತ್ರದ ಮೊದಲ ಪ್ಯಾರಾ. ‘ರೋಗಿಯ ಜೊತೆ ಬಂದ ಅಜ್ಜಿಗೆ ಯಾವ ಮಹಡಿಗೆ ಹೋಗಬೇಕು, ಊಟಕ್ಕೆ ಮೊದಲು ಯಾವ ಮಾತ್ರೆ ಎಂಬುದನ್ನು ಅವರದ್ದೇ ಮಾತಿನಲ್ಲಿ ಹೇಳಬಲ್ಲೆ’ ಎಂದು ಬರೆದರೆ ಓದುವವರು ಫೋನ್ ಎತ್ತುತ್ತಾರೆ.

ಪತ್ರವನ್ನು ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ ಎಂದು ಹಲವರು ಕೇಳುತ್ತಾರೆ. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಅದರಲ್ಲಿ. ಕನ್ನಡ ಜಾಹೀರಾತಿಗೆ ತಡವರಿಸುವ ಇಂಗ್ಲಿಷಿನಲ್ಲಿ ಉತ್ತರಿಸಿದರೆ ಯಾರ ಗೌರವವೂ ಹೆಚ್ಚುವುದಿಲ್ಲ. ಇಂಗ್ಲಿಷ್ ಬೇಕೇ ಬೇಕಾದ ಕಡೆ ಮೊದಲು ಕನ್ನಡದಲ್ಲೋ ತುಳುವಿನಲ್ಲೋ ಗೆಳೆಯರಿಗೆ ಬಾಯಲ್ಲಿ ಹೇಳಿ ನೋಡಿ. ಹೇಳಲು ಬಂದರೆ ಬರೆಯಲೂ ಬರುತ್ತದೆ, ಸಣ್ಣ ಸಣ್ಣ ವಾಕ್ಯದಲ್ಲಿ.

ಉದ್ಯೋಗದ ಅರ್ಜಿ ಎಂದಾಗ ನನಗೆ ನೆನಪಾಗುವುದು ಗಣಿತಜ್ಞ ಶ್ರೀನಿವಾಸ ರಾಮಾನುಜನ್. 1912ರ ಫೆಬ್ರವರಿ 9ರಂದು ಅವರು ಮದರಾಸು ಪೋರ್ಟ್ ಟ್ರಸ್ಟಿಗೆ ಗುಮಾಸ್ತಿಕೆ ಕೇಳಿ ಬರೆದ ಅರ್ಜಿ ಉಳಿದುಬಂದಿದೆ. ಬಹಳ ಚಿಕ್ಕದು. ನಿಮ್ಮ ಕಚೇರಿಯಲ್ಲಿ ಗುಮಾಸ್ತನ ಹುದ್ದೆ ಖಾಲಿಯಿದೆ ಎಂದು ತಿಳಿಯಿತು, ಮೆಟ್ರಿಕ್ಯುಲೇಷನ್ ಪಾಸಾಗಿದ್ದೇನೆ, ಎಫ್.ಎ. (ಈಗಿನ ಪಿಯುಸಿ ಇದ್ದಂತೆ) ತನಕ ಓದಿದೆ, ಅನಿವಾರ್ಯ ತೊಂದರೆಗಳಿಂದ ಮುಂದುವರಿಸಲಾಗಲಿಲ್ಲ. ಆದರೆ ನನ್ನ ಸಮಯವನ್ನೆಲ್ಲ ಗಣಿತಕ್ಕೆ ಕೊಟ್ಟಿದ್ದೇನೆ. ಕೆಲಸ ಕೊಟ್ಟರೆ ನ್ಯಾಯ ಒದಗಿಸುತ್ತೇನೆಂಬ ವಿಶ್ವಾಸವಿದೆ. ಮುಖ್ಯಾಂಶ ಇಷ್ಟೇ. ಎಫ್.ಎ. ನಪಾಸಾದವರು ಅವರು. ಪಾಸಾಗಿದೆ ಎಂದು ಸುಳ್ಳು ಬರೆಯಲಿಲ್ಲ, ನಪಾಸಾದ ಕಥೆಯನ್ನು ಅತ್ತುಕೊಂಡು ಹೇಳಲೂ ಇಲ್ಲ; ಒಂದು ವಾಕ್ಯದಲ್ಲಿ ದಾಟಿ, ತನಗೆ ಬರುವುದರ ಕಡೆ ತಿರುಗಿದರು. ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರೊಫೆಸರ್ ಮಿಡಲ್‌ಮಾಸ್ಟ್ ಅವರ ಶಿಫಾರಸು ಇತ್ತು. ಮಾರ್ಚ್ 1ರಿಂದ ಕೆಲಸ, ತಿಂಗಳಿಗೆ ಮೂವತ್ತು ರೂಪಾಯಿ.

ಮುಂದಿನ ವರ್ಷ, 1913ರ ಜನವರಿ 16ರಂದು, ಅದೇ ಗುಮಾಸ್ತ ಕೇಂಬ್ರಿಜಿನ ಗಣಿತಜ್ಞ ಜಿ.ಎಚ್. ಹಾರ್ಡಿಗೆ ಇನ್ನೊಂದು ಪತ್ರ ಬರೆದರು. ಮದರಾಸಿನ ಪೋರ್ಟ್ ಟ್ರಸ್ಟಿನಲ್ಲಿ ವರ್ಷಕ್ಕೆ ಇಪ್ಪತ್ತು ಪೌಂಡಿನ ಗುಮಾಸ್ತ, ವಯಸ್ಸು ಸುಮಾರು 23 ಎಂದು ಪರಿಚಯ ಹೇಳಿಕೊಂಡರು. (ನಿಜವಾಗಿ ಆಗ ಅವರಿಗೆ 25 ಆಗಿತ್ತು, ಅಷ್ಟು ದೊಡ್ಡ ಲೆಕ್ಕದವರಿಗೆ ಸ್ವಂತ ವಯಸ್ಸಿನ ಲೆಕ್ಕ ತಪ್ಪಿತ್ತು.) ತಾನು ಮಹಾಪ್ರತಿಭಾವಂತ ಎಂದು ಎಲ್ಲೂ ಬರೆಯಲಿಲ್ಲ. ಬದಲಿಗೆ ಪುಟಗಟ್ಟಲೆ ಪ್ರಮೇಯಗಳನ್ನು ಲಗತ್ತಿಸಿದರು. ಅದಕ್ಕೆ ಮೊದಲು ಬೇರೆ ಇಬ್ಬರು ಇಂಗ್ಲಿಷ್ ಗಣಿತಜ್ಞರಿಗೆ ಬರೆದಿದ್ದರೂ ಫಲ ಸಿಕ್ಕಿರಲಿಲ್ಲ. ಹಾರ್ಡಿ ಆ ಪುಟಗಳನ್ನು ಸಹೋದ್ಯೋಗಿ ಲಿಟ್ಲ್‌ವುಡ್ ಜೊತೆ ಕೂತು ಓದಿದರು; 1914ರಲ್ಲಿ ರಾಮಾನುಜನ್ ಕೇಂಬ್ರಿಜಿನಲ್ಲಿದ್ದರು. ನಮ್ಮ ಬಳಿ ಪ್ರಮೇಯಗಳಿಲ್ಲ, ಹೌದು. ಆದರೆ ಉಗ್ರಾಣದ ಲೆಕ್ಕದ ಪುಸ್ತಕವಿದೆ, ಮಾಡಿದ ವೆಬ್‌ಸೈಟಿದೆ, ತೆಗೆದ ಫೋಟೊ ಇದೆ, ಪಾಠ ಹೇಳಿಕೊಟ್ಟ ಪಕ್ಕದ ಮನೆಯ ಮಗುವಿನ ನೋಟ್ಸಿದೆ. ಕೆಲಸವನ್ನೇ ಎದುರಿಗಿಟ್ಟರೆ ವಿಶೇಷಣಗಳು ಬೇಕಾಗುವುದಿಲ್ಲ. ಮೊದಲ ಎರಡು ಪತ್ರಕ್ಕೆ ಫಲ ಸಿಗದಿದ್ದರೆ ಮೂರನೆಯದನ್ನೂ ಬರೆಯಬೇಕಾಗುತ್ತದೆ, ಅದೂ ಈ ಕಥೆಯಲ್ಲಿದೆ.

ಸಿಎ ಓದುವ ಮಕ್ಕಳಿಗಂತೂ ಈ ಪತ್ರ ತಪ್ಪಿದ್ದಲ್ಲ. 2023ರ ಹೊಸ ಪದ್ಧತಿಯಲ್ಲಿ ಆಡಿಟರ್ ಬಳಿಯ ತರಬೇತಿ, ಅಂದರೆ ಆರ್ಟಿಕಲ್‌ಶಿಪ್, ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ, ಆದರೆ ಜಾಗ ಹುಡುಕಿಕೊಳ್ಳುವುದು ಇನ್ನೂ ವಿದ್ಯಾರ್ಥಿಯದ್ದೇ ಕೆಲಸ. ಒಂದೇ ಇಮೇಲನ್ನು ಊರಿನ ಅಷ್ಟೂ ಆಡಿಟರುಗಳಿಗೆ ಒಟ್ಟಿಗೆ ಕಳಿಸಿ, ಎಲ್ಲರ ವಿಳಾಸವೂ ಎಲ್ಲರಿಗೂ ಕಾಣುವಂತೆ ಬಿಟ್ಟವರಿದ್ದಾರೆ. ಪಡೆದವರಿಗೆ ತಾವು ಮೂವತ್ತರಲ್ಲಿ ಒಬ್ಬರೆಂದು ಗೊತ್ತಾಗುತ್ತದೆ. ಡಿಲೀಟ್ ಒತ್ತಲು ಅಷ್ಟು ಸಾಕು.

ಹೊಸಬರ ಕಷ್ಟ ಒಂದು ಬಗೆಯದಾದರೆ ಅನುಭವಿಗಳದ್ದು ಇನ್ನೊಂದು. ಹದಿನೈದು ವರ್ಷ ದಮ್ಮಾಮಿನಲ್ಲೋ ದುಬೈಯಲ್ಲೋ ದುಡಿದು ಊರಿಗೆ ಮರಳಿದವರ ರೆಸ್ಯೂಮ್ ನಾಲ್ಕು ಪುಟ ಇರುತ್ತದೆ. ಓದುವ ಯಜಮಾನನ ಮನಸ್ಸಿನಲ್ಲಿ ಇರುವುದು ಒಂದೇ: ಇವರು ಮತ್ತೆ ವೀಸಾ ಸಿಕ್ಕಿದ ಕೂಡಲೇ ಹೊರಟು ಬಿಡುತ್ತಾರಾ, ಅಲ್ಲಿನ ಸಂಬಳ ಇಲ್ಲಿ ಕೇಳುತ್ತಾರಾ? ಇದನ್ನು ಬಾಯಿ ಬಿಟ್ಟು ಕೇಳುವುದಿಲ್ಲ, ಅರ್ಜಿಯನ್ನು ಬದಿಗಿಡುತ್ತಾರೆ. ‘ತಾಯಿಯನ್ನು ನೋಡಿಕೊಳ್ಳಬೇಕಾಗಿ ಬಂದು ಊರಿನಲ್ಲೇ ನೆಲೆಸಿದ್ದೇನೆ, ಇಲ್ಲಿನ ಸಂಬಳದ ಅಂದಾಜು ನನಗಿದೆ’ ಎಂಬ ಒಂದು ವಾಕ್ಯ ನಾಲ್ಕು ಪುಟಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಮಕ್ಕಳಾದ ಮೇಲೆ ಕೆಲಸ ಬಿಟ್ಟು ಈಗ ಮರಳುವ ಹೆಣ್ಣುಮಕ್ಕಳಿಗೂ ಇದೇ ಮಾತು. ಖಾಲಿ ವರ್ಷಗಳನ್ನು ಒಂದು ಸಾಲಿನಲ್ಲಿ ನೇರ ಹೇಳಿ. ಕ್ಷಮೆ ಕೇಳುವಂತೆ ಬರೆಯಬೇಡಿ, ಕೇಳಬೇಕಾದ್ದೇನೂ ಇಲ್ಲ.

ಈಗ ಎಐ ಬಂದಿದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರಿಗೆ ಸಿಕ್ಕಿದ ಮೇಲೆ ಜೆರಾಕ್ಸ್ ಅಂಗಡಿಯ ಅಣ್ಣನ ಆ ಹಳೆಯ ಫೈಲಿಗೆ ಕೆಲಸ ಕಡಿಮೆಯಾಗಿದೆ. ವ್ಯಾಕರಣ ತಪ್ಪಿಲ್ಲದ, ನುಣುಪಾದ ಪತ್ರ ಅರೆ ನಿಮಿಷದಲ್ಲಿ ಮೊಬೈಲಿಗೆ ಬರುತ್ತದೆ. ಪಕ್ಕದ ಮನೆಯವನಿಗೂ ಅದೇ ಬರುತ್ತದೆ. ಬಳಸಬಾರದೆಂದು ನಾನು ಹೇಳುವುದಿಲ್ಲ, ಇಂಗ್ಲಿಷಿನ ಹೆದರಿಕೆಯಿರುವ ಹಳ್ಳಿಯ ಮಕ್ಕಳಿಗೆ ಅದು ದೊಡ್ಡ ಸಹಾಯ. ಆದರೆ ಮೊದಲು ನಿಮ್ಮ ಪತ್ರ ನೀವು ಬರೆದು, ತಪ್ಪು ತಿದ್ದಲು ಮಾತ್ರ ಅದಕ್ಕೆ ಕೊಡಿ. ತಿದ್ದಿ ಬಂದದ್ದರಲ್ಲಿ ಸಕ್ಕರೆ ಚೀಲ ಇನ್ನೂ ಇದೆಯೇ ನೋಡಿಕೊಳ್ಳಿ. ‘ದಾಸ್ತಾನು ನಿರ್ವಹಣೆಯಲ್ಲಿ ಪರಿಣತಿ’ ಎಂದು ಅದನ್ನು ಬದಲಾಯಿಸಿದ್ದರೆ ಹಿಂದಕ್ಕೆ ಹಾಕಿ.

ಬಹಳಷ್ಟು ಅಂಗಡಿ, ಆಫೀಸುಗಳು ಈಗ ‘ರೆಸ್ಯೂಮ್ ವಾಟ್ಸ್‌ಆ್ಯಪ್ ಮಾಡಿ’ ಎನ್ನುತ್ತವೆ. ಅಲ್ಲಿ ಪತ್ರ ಎಂದರೆ ನಾಲ್ಕು ಸಾಲು. ಬರೀ ಪಿಡಿಎಫ್ ಎಸೆದು, ಕೆಳಗೆ ‘ಹಾಯ್’ ಎಂದು ಹಾಕುವವರೇ ಹೆಚ್ಚಿರುವಾಗ ಆ ನಾಲ್ಕು ಸಾಲಿಗೆ ಬಹಳ ಬೆಲೆ. ಯಾವ ಕೆಲಸಕ್ಕೆ, ಎಲ್ಲಿ ಜಾಹೀರಾತು ನೋಡಿದ್ದು, ನಿಮ್ಮಿಂದ ಆಗುವ ಒಂದು ಮುಖ್ಯ ಸಂಗತಿ, ಯಾವಾಗಿನಿಂದ ಬರಬಹುದು. ಕಡತದ ಹೆಸರು ‘ರೆಸ್ಯೂಮ್ ಫೈನಲ್ ನ್ಯೂ 2’ ಎಂದಿರುವುದು ಬೇಡ; ನಿಮ್ಮ ಹೆಸರು, ಕೆಲಸದ ಹೆಸರು ಇರಲಿ. ಪ್ರೊಫೈಲ್ ಫೋಟೊದಲ್ಲಿ ಸಿನಿಮಾ ನಟ ಬೇಡ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಅರ್ಜಿಯಲ್ಲಿ ಖಂಡಿತ ಬರೆಯಬೇಡಿ, ಅದು ಕೆಲಸ ಸಿಕ್ಕಿದ ಮೇಲಿನ ವ್ಯವಹಾರ. ಅರ್ಜಿ ತೆಗೆದುಕೊಳ್ಳಲೇ ದುಡ್ಡು ಕೇಳುವ ಖಾಸಗಿಯವರಿಗೆ ಅರ್ಜಿಯನ್ನೇ ಕೊಡಬೇಡಿ. ಒಂದು ವಾರದ ನಂತರ ಒಮ್ಮೆ ಫೋನ್ ಮಾಡಿ ವಿಚಾರಿಸಿದರೆ ತಪ್ಪಿಲ್ಲ. ದಿನಾ ಮಾಡಿದರೆ ತಪ್ಪು.

ಹೇಳಬೇಕಾದ್ದನ್ನೆಲ್ಲ ಕೆಲಸ ಕೇಳುವವರಿಗೇ ಹೇಳಿದ್ದಾಯಿತು. ಕೆಲಸ ಕೊಡುವವರಲ್ಲೂ ಒಂದು ಕೋರಿಕೆಯಿದೆ. ಜಾಹೀರಾತಿನಲ್ಲಿ ಕೆಲಸದ ಹೆಸರಷ್ಟೇ ಹಾಕಿ ‘ಆಕರ್ಷಕ ಸಂಬಳ’ ಎಂದು ಬರೆದರೆ ಉತ್ತರವೂ ಅಷ್ಟೇ ಟೊಳ್ಳಾಗಿ ಬರುತ್ತದೆ. ಏನು ಮಾಡಬೇಕು, ಎಷ್ಟು ಗಂಟೆಗೆ ಬರಬೇಕು, ಸಂಬಳ ಎಷ್ಟರಿಂದ ಎಷ್ಟು ಎಂದು ಬರೆಯಿರಿ. ವಿಟ್ಲದಿಂದ ಬಸ್ಸು ಹಿಡಿದು ಬಂದು ಅರ್ಜಿ ಕೊಟ್ಟವರಿಗೆ, ಬೇರೆಯವರನ್ನು ತೆಗೆದುಕೊಂಡಿದ್ದರೆ, ‘ಜಾಗ ಭರ್ತಿಯಾಗಿದೆ’ ಎಂದು ಒಂದು ವಾಟ್ಸ್‌ಆ್ಯಪ್ ಕಳುಹಿಸಿ. ನಿಮಗೆ ಅದು ಹತ್ತು ಸೆಕೆಂಡಿನ ಕೆಲಸ. ಅವರು ಕಾಯುವುದನ್ನು ಬಿಟ್ಟು ಮರುದಿನವೇ ಇನ್ನೊಂದು ಕಡೆ ಅರ್ಜಿ ಹಾಕಬಹುದು.